ಊಟದ ಮೇಜಿನ ಮೇಲೆ ಎಷ್ಟು ದಿನ? ಮನೆಯಲ್ಲಿ ಚಿತ್ರ ಬರೆಯೋಕೆ ಜಾಗ, ಹೊತ್ತು ಹೇಗೆ ಮಾಡ್ಕೊಂಡಿದೀರಿ?

ಅರ್ಧ ಗಜಲಕ್ಷ್ಮಿ (ಬೆಂಗಳೂರು) · ಭಾನುವಾರ, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಹೋಗ್ತಿದ್ದೆ, ಇದೇ ಮೊದಲ ಸಲ ಬರೀತಿರೋದು. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮದುವೆಗೆ ಮುಂಚೆ ಎರಡು ವರ್ಷ ಮೈಸೂರು ಶೈಲಿಯ ಚಿತ್ರಕಲೆ ಕಲಿತಿದ್ದೆ. ಗುರುಗಳ ಮನೆ ಪಡಸಾಲೆಯಲ್ಲೇ ಕ್ಲಾಸು. ಕೊನೇಲಿ ಒಂದು ಗಜಲಕ್ಷ್ಮಿ ಶುರು ಮಾಡಿದ್ದೆ. ರೇಖೆ ಮುಗಿದಿತ್ತು, ಎಡಗಡೆ ಆನೆಗೆ ಗೆಸ್ಸೋ (ಚಿನ್ನ ಹಚ್ಚೋ ಮುಂಚೆ ಬಿಳಿ ಪುಡಿ, ಅಂಟು ಕಲಸಿ ಎತ್ತೋ ಉಬ್ಬು) ಎತ್ತಿ ಆಗಿತ್ತು, ಬಲಗಡೆ ಆನೆ ಇನ್ನೂ ಬೋಳು. ಅಷ್ಟರಲ್ಲಿ ಮದುವೆ, ಬೆಂಗಳೂರು, ಕೆಲಸ, ಮಗ. ಆ ಹಲಗೆ ಹಳೇ ಬೆಡ್‌ಶೀಟ್ ಸುತ್ಕೊಂಡು ಬೀರುವಿನ ಮೇಲೆ ಕೂತು ಹದಿಮೂರು ವರ್ಷ ಆಯ್ತು.

ಈ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿದ್ದೆ. ಒಬ್ಬಾಕೆ ಫುಟ್‌ಪಾತ್ ಮೇಲೆ ಕೂತು, ಮಡಿಲಲ್ಲಿ ರಟ್ಟು ಇಟ್ಕೊಂಡು, ಆ ಜನಜಂಗುಳಿ ಮಧ್ಯ ಬರೀತಾ ಇದ್ರು. ನನಗೆ ಮನೆ ಇದೆ, ಮೇಜಿದೆ, ಕುರ್ಚಿ ಇದೆ. ನಾಚಿಕೆ ಆಯ್ತು. ಬಂದವಳೇ ಹಲಗೆ ಇಳಿಸಿದೆ.

ನಮ್ಮದು ಎರಡು ಬೆಡ್‌ರೂಮಿನ ಮನೆ. ನಾನು, ಯಜಮಾನರು, ಅತ್ತೆ, ಎಂಟನೇ ಕ್ಲಾಸಿನ ಮಗ. ಖಾಲಿ ಅಂತ ಇರೋದು ಊಟದ ಮೇಜು ಒಂದೇ, ಅದೂ ಹನ್ನೊಂದರಿಂದ ಒಂದರ ತನಕ. ಒಂದು ಭಾನುವಾರ ಗಡಿಯಾರ ನೋಡಿ ಲೆಕ್ಕ ಹಾಕಿದೆ. ಹಲಗೆ ಇಳಿಸಿ, ಪೇಪರ್ ಹಾಸಿ, ಬಣ್ಣ, ಕುಂಚ, ನೀರು, ಬಟ್ಟೆ ಎಲ್ಲ ಹೊಂದಿಸೋಕೆ 25 ನಿಮಿಷ. ಕೆಲಸ ಮಾಡಿದ್ದು 35 ನಿಮಿಷ. ಮತ್ತೆ ತೊಳೆದು, ಒರೆಸಿ, ಎತ್ತಿಡೋಕೆ 20 ನಿಮಿಷ. ಎತ್ತಿಟ್ಟ ಮೇಲೆ ಮೇಜಿನ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ ಉಳಿದಿತ್ತು ಅಂತ ಸಂಜೆ ತನಕ ಅದೇ ಮಾತು.

ಅದರ ಮುಂದಿನ ವಾರ ಇನ್ನೂ ಚೆನ್ನಾಗಿತ್ತು. ಎಡಗಡೆ ಆನೆಗೆ ಚಿನ್ನದ ರೇಕು, ಅಂದ್ರೆ ತೆಳ್ಳನೆ ಚಿನ್ನದ ಹಾಳೆ, ಹಚ್ತಾ ಇದ್ದೆ. ಮಾಡಿದವರಿಗೆ ಗೊತ್ತು, ರೇಕು ಕೈಗೆತ್ತಿಕೊಂಡಾಗ ಜೋರಾಗಿ ಉಸಿರೂ ಬಿಡಬಾರದು. ಕಿಟಕಿ ಹಾಕಿ, ಫ್ಯಾನ್ ಆರಿಸಿ, ಬೆವರು ಒರೆಸ್ಕೊಂಡು ಕೂತಿದ್ದೆ. ನಮ್ಮ ಯಜಮಾನರು ಒಳಗೆ ಬಂದವರು 'ಅಯ್ಯೋ, ಇಷ್ಟು ಸೆಕೇಲಿ ಹೆಂಗೆ ಕೂತಿದೀಯ' ಅಂತ ಪಾಪ ಒಳ್ಳೇ ಮನಸ್ಸಿಂದಲೇ ಫ್ಯಾನ್ ಹಾಕಿದ್ರು. ರೇಕು ಎದ್ದು, ಎರಡು ಸುತ್ತು ಸುತ್ತಿ, ಮುಚ್ಚಳ ತೆಗೆದಿಟ್ಟಿದ್ದ ಹುಳಿ ಪಾತ್ರೆಗೆ ಬಿತ್ತು. ಎಲ್ರೂ ನಕ್ರು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಅವತ್ತಿಂದ ಹಲಗೆ ಮತ್ತೆ ಬೀರುವಿನ ಮೇಲಿದೆ. ಬೇರೆ ರೂಮು ಮಾಡ್ಕೊಳ್ಳಿ, ಸ್ಟುಡಿಯೋ ಬಾಡಿಗೆಗೆ ತಗೊಳ್ಳಿ ಅನ್ನೋ ಸಲಹೆ ಬೇಡ. ಇದ್ದ ಮನೇಲೇ ನೀವು ಹೇಗೆ ಮಾಡ್ತೀರಿ, ಅದನ್ನ ಹೇಳಿ.

---

ಖಡಕ್ ಮಾತು · ಭಾನುವಾರ, ರಾತ್ರಿ 11:15

ಕಹಿಯಾಗಿ ಕಂಡ್ರೆ ಕ್ಷಮಿಸಿ. ಮಾಡೋರು ಎಲ್ಲಿದ್ರೂ ಮಾಡ್ತಾರೆ. ನೀವೇ ಹೇಳಿದ್ರಿ, ಆಕೆ ಫುಟ್‌ಪಾತ್ ಮೇಲೆ ಕೂತು ಬರೀತಿದ್ರು ಅಂತ. ಮೊಬೈಲಲ್ಲಿ ದಿನಾ ಎಷ್ಟು ಹೊತ್ತು ಕಳೀತೀರಿ ಅಂತ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ಅದರಲ್ಲಿ ಅರ್ಧ ಉಳಿಸಿದ್ರೆ ಎರಡು ಗಜಲಕ್ಷ್ಮಿ ಆಗುತ್ತೆ. ಜಾಗ ಇಲ್ಲ, ಟೈಮ್ ಇಲ್ಲ ಅನ್ನೋದೆಲ್ಲ ನೆಪ.

---

ರಾಗಿ ರೊಟ್ಟಿ (ತುಮಕೂರು) · ಸೋಮವಾರ, ಬೆಳಿಗ್ಗೆ 6:05

ಖಡಕ್ ಅವರೇ, ನೋಡಿದೆ. ದಿನಕ್ಕೆ ಒಂದೂಮುಕ್ಕಾಲು ಗಂಟೆ ತೋರಿಸ್ತು. ಆದ್ರೆ ಅದು ಹೇಗೆ ಕೂಡಿದ್ದು ಅಂತಲೂ ನೋಡಿ. ಹಾಲು ಉಕ್ಕೋಕೆ ಕಾಯ್ತಾ ನಾಲ್ಕು ನಿಮಿಷ, ಸ್ಕೂಲ್ ವ್ಯಾನ್ ಬರೋ ತನಕ ಆರು ನಿಮಿಷ, ಮಗಳು ನಿದ್ದೆ ಹೋಗೋ ತನಕ ಕತ್ತಲಲ್ಲಿ ಪಕ್ಕ ಮಲಗಿ ಇಪ್ಪತ್ತು ನಿಮಿಷ. ಚಿಲ್ಲರೆ ಕಾಸು ಎಣಿಸಿ ನೂರು ರೂಪಾಯಿ ಆಯ್ತು ಅಂದ ಹಾಗೆ. ನೂರರ ನೋಟು ಬೇಕಾದ ಕಡೆ ಆ ಚಿಲ್ಲರೆ ನಡೆಯಲ್ಲ. ಕತ್ತಲಲ್ಲಿ ಮಗುವಿನ ಪಕ್ಕ ಮಲಗಿ ಗೆಸ್ಸೋ ಎತ್ತೋಕಾಗುತ್ತಾ?

ಇನ್ನು ಚಿತ್ರಸಂತೆಯ ಆಕೆ ಫುಟ್‌ಪಾತಲ್ಲಿ ಬರೆದಿದ್ದು ನಿಜ. ಆದ್ರೆ ಅವತ್ತು ಅವರನ್ನ ಯಾರೂ 'ಉಪ್ಪಿನ ಡಬ್ಬಿ ಎಲ್ಲಿದೆ' ಅಂತ ಕೇಳ್ತಿರಲಿಲ್ಲ.

---

ಗವಂತಿ (ಧಾರವಾಡ) · ಸೋಮವಾರ, ಮಧ್ಯಾಹ್ನ 3:30

ಉಪ್ಪಿನ ಡಬ್ಬಿ ಮಾತು ಭಾಳ ಖರೇ ಐತಿ ನೋಡ್ರಿ.

ನಾ ಕಸೂತಿ ಹಾಕತೇನಿ. ನಮ್ಮವ್ವನ ಕಡೆಯಿಂದ ಕಲ್ತದ್ದು. ನಮ್ಮ ಕೆಲಸಕ್ಕ ಜಾಗಾದ ಚಿಂತಿ ಇಲ್ಲ, ತೊಡಿ ಮ್ಯಾಲ ಅರಿವಿ, ಕೈಯಾಗ ಸೂಜಿ, ಮುಗೀತು. ಹಂಗಂತ ಎಲ್ಲಾರೂ ಅಂದ್ಕೋತಾರ. ಆದರ ಇದರಾಗ ಎಣಿಕಿ ಐತಿ. ಅರಿವಿ ಮ್ಯಾಲ ಗೆರಿ ಹಾಕ್ಕೊಳ್ಳಂಗಿಲ್ಲ, ನೇಯ್ಗಿ ಎಳಿ ಎಣಿಸ್ಕೋತನ ಹೋಗಬೇಕು. ಗವಂತಿ ಹೊಲಿಗಿ ಹೋಗೋ ಮುಂದ ಒಂದು ಬಿಟ್ಟು ಒಂದು, ಹೊಳ್ಳಿ ಬರೋ ಮುಂದ ಬಿಟ್ಟಿದ್ದನ್ನ ತುಂಬಿಸ್ಕೋತ ಬರಬೇಕು. ಹಿಂದ ಮುಂದ ಎರಡೂ ಕಡೆ ಒಂದೇ ನಮೂನಿ ಕಾಣಬೇಕು, ಗಂಟು ಕಾಣಬಾರದು. ಗೋಪುರದ ಚಿತ್ರ ಹಾಕೋ ಮುಂದ ಯಾರರ ಬಂದು 'ಚಾ ಮಾಡಂಗಿಲ್ಲೇನು' ಅಂದ್ರ ಎಣಿಕಿ ತಪ್ಪತದ. ಒಂದು ಎಳಿ ತಪ್ಪಿದ್ದು ನಾಕು ಸಾಲು ಆದ ಮ್ಯಾಲ ಗೊತ್ತಾಗತದ. ಬಿಚ್ಚಬೇಕು.

ಅದಕ್ಕ ನಮ್ಮವ್ವ ಒಂದು ಉಪಾಯ ಮಾಡಿದ್ಲು. ಮಧ್ಯಾಹ್ನ ಊಟ ಆಗಿ ಭಾಂಡಿ ತಿಕ್ಕಿದ ಮ್ಯಾಲ ಓಣಿ ಹೆಣಮಕ್ಕಳು ನಾಕೈದು ಮಂದಿ ಒಬ್ಬರ ಕಟ್ಟಿ ಮ್ಯಾಲ ಕೂಡತಿದ್ರು. ಒಬ್ಬಾಕಿ ಕಸೂತಿ, ಇಬ್ಬರು ಕೌದಿ, ಒಬ್ಬಾಕಿ ಅಕ್ಕಿ ಹಸನ. ಮನ್ಯಾಗ ಒಬ್ಬಾಕೀನ ಕೂತಿದ್ರ 'ಖಾಲಿ ಕೂತಾಳ' ಅಂತ ಕರೀತಾರ. ಐದು ಮಂದಿ ನಡುವ ಕೂತ್ರ ಯಾವ ಗಂಡಸೂ ಬಂದು ಕರ್ಯಾಂಗಿಲ್ಲ, ನಾಚಿಕಿ ಬರತದ ಅವಕ್ಕ!

ನಾನೂ ಈಗ ಅದನ್ನ ಮಾಡೇನಿ. ನಮ್ಮ ಅಪಾರ್ಟ್‌ಮೆಂಟಿನ್ಯಾಗ ಮೂರು ಮಂದಿ, ಬುಧವಾರ ಮತ್ತ ಶನಿವಾರ ಮೂರರಿಂದ ಐದರ ತನಕ. ಒಬ್ಬಾಕಿ ನೀರು ಬಣ್ಣ ಹಾಕತಾಳ, ಒಬ್ಬಾಕಿ ಏನೂ ಮಾಡಂಗಿಲ್ಲ, ಬರೇ ಮಾತಾಡತಾಳ. ಆಕೀನೂ ಬೇಕು.

---

ಕೆಮ್ಮಣ್ಣು (ಸಾಗರ) · ಸೋಮವಾರ, ರಾತ್ರಿ 9:10

ಗವಂತಿ ಅಕ್ಕ ಹೇಳಿದ್ದು ಓದಿ ನಮ್ಮಜ್ಜಿ ಮನೆ ನೆನಪಾಯ್ತು. ನಮ್ಮದು ಸಾಗರದ ಕಡೆ ದೀವರ ಮನೆ. ನಮ್ಮಲ್ಲಿ ಹಸೆ ಚಿತ್ತಾರ ಬರೀತಾರೆ, ಗೊತ್ತಿರ್ಬೇಕು ನಿಮಗೆ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ನೆನೆಸಿ ರುಬ್ಬಿದ ಬಿಳಿ. ಕಪ್ಪಿಗೆ ಅಕ್ಕಿ ಹುರಿದು ಕರಕು ಮಾಡಿ ಅರೆಯೋದು, ಹಳದಿಗೆ ಗುರಿಗೆ ಕಾಯಿ. ಕುಂಚ ಅಂದ್ರೆ ಪುಂಡಿ ನಾರು ಜಜ್ಜಿ ಮಾಡಿದ್ದು. ಅಂಗಡಿಯಿಂದ ತರೋದು ಏನೂ ಇಲ್ಲ.

ನಾನು ಹೇಳೋಕೆ ಹೊರಟಿದ್ದು ಸಾಮಾನಿನ ವಿಷಯ ಅಲ್ಲ. ಮದುವೆ ಬಂತು ಅಂದ್ರೆ ಗೋಡೆ ಬರೆಯೋದೂ ಮದುವೆ ಕೆಲಸವೇ, ಚಪ್ಪರ ಹಾಕಿದ ಹಾಗೆ, ಹಪ್ಪಳ ಒತ್ತಿದ ಹಾಗೆ. ಅಜ್ಜಿ ಗೋಡೆ ಮುಂದೆ ಕೂತ್ರೆ ಅವತ್ತು ಅವಳಿಗೆ ಅಡುಗೆ ಮನೆ ಕೆಲಸ ಇಲ್ಲ. ಕಾಫಿ ಅವಳಿದ್ದಲ್ಲಿಗೇ ಬರ್ತಿತ್ತು. ಮಕ್ಕಳು ಹತ್ರ ಹೋಗಿ ಗೋಡೆ ಮುಟ್ಟಿದ್ರೆ ಬೈಗುಳ ನಮಗೆ, ಅಜ್ಜಿಗಲ್ಲ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯೋ ಬುಟ್ಟಿ ಮೇಲೆ ಚಿತ್ತಾರ ಬರೆಯೋವಾಗಲೂ ಅಷ್ಟೇ. ಹುಣ್ಣಿಮೆ ಯಾರಿಗೂ ಕಾಯಲ್ಲ, ಬುಟ್ಟಿ ಮುಗೀಲೇಬೇಕು, ಹಂಗಾಗಿ ಮನೆಯವರೇ ಅಜ್ಜಿಗೆ ಹೊತ್ತು ಬಿಡಿಸಿ ಕೊಡ್ತಿದ್ರು. ಅಜ್ಜಿ ಬಾಯಲ್ಲಿ ಹವ್ಯಾಸ ಅನ್ನೋ ಶಬ್ದ ನಾನು ಕೇಳಿಲ್ಲ.

ಈಗ ನಮ್ಮನೆ ಗೋಡೆಗೆ ಡಿಸ್ಟೆಂಪರ್. ನಾನು ಎರಡಡಿ ಪ್ಲೈವುಡ್‌ಗೆ ಕೆಮ್ಮಣ್ಣು ಬಳಿದು, ಬಟ್ಟೆ ಒಗೆಯೋ ಜಾಗದಲ್ಲಿ ನಿಲ್ಲಿಸ್ಕೊಂಡು ಬರೀತೀನಿ. ಸುಮ್ನೆ ಬರೀತೀನಿ ಅಂದ್ರೆ ಒಂದು ಎಳೆನೂ ಮುಂದೆ ಹೋಗಲ್ಲ. ಇಂಥವರ ಗೃಹಪ್ರವೇಶಕ್ಕೆ, ಇಂಥ ತಾರೀಖಿಗೆ ಅಂದ್ರೆ ಮುಗೀತದೆ. ಗಜಲಕ್ಷ್ಮಿ ಅಕ್ಕ, ನಿಮ್ಮ ಕಡೆ ಯಾರದ್ದಾದ್ರೂ ಗೃಹಪ್ರವೇಶ ಇದ್ಯಾ ನೋಡಿ. ಮನೆಯವರ ಎದುರಿಗೇ 'ಕೊಡ್ತೀನಿ' ಅಂತ ಬಾಯಿಬಿಟ್ಟು ಹೇಳಿಬಿಡಿ.

---

ಡ್ರಾಯಿಂಗ್ ಮೇಷ್ಟ್ರು (ಹಾಸನ, ನಿವೃತ್ತ) · ಮಂಗಳವಾರ, ಬೆಳಿಗ್ಗೆ 7:40

ನನ್ನ ಸರ್ವೀಸಿನಲ್ಲಿ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ನೂರಾರು ಮಕ್ಕಳನ್ನು ತಯಾರು ಮಾಡಿದ್ದೇನೆ. ಚೆನ್ನಾಗಿ ಬರೆಯುತ್ತಿದ್ದ ಹೆಣ್ಣುಮಕ್ಕಳು ಈಗ ಸಿಕ್ಕರೆ 'ಬಿಟ್ಟುಬಿಟ್ಟೆ ಸಾರ್' ಎನ್ನುತ್ತಾರೆ. ಗಂಡುಮಕ್ಕಳೂ ಅದನ್ನೇ ಹೇಳುತ್ತಾರೆ, ಆದರೆ ಅವರಿಗೆ ಅದರಲ್ಲಿ ಸಂಕಟ ಇದ್ದಂತೆ ಕಾಣುವುದಿಲ್ಲ. ಇರಲಿ. ನಾನು ಬೆಳಕಿನ ಬಗ್ಗೆ ಎರಡು ಮಾತು ಹೇಳಬೇಕು, ಯಾರೂ ಅದನ್ನು ಎತ್ತಿಲ್ಲ.

ಚಿತ್ರಕ್ಕೆ ಉತ್ತರದ ಕಿಟಕಿ ಒಳ್ಳೆಯದು ಎಂದು ಪುಸ್ತಕಗಳಲ್ಲಿ ಇರುತ್ತದೆ. ಯುರೋಪಿನಲ್ಲಿ ಅದು ಸರಿ, ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ನಮ್ಮಲ್ಲಿ ಹಾಗಲ್ಲ. ಹಾಸನ, ಬೆಂಗಳೂರು, ಮಂಗಳೂರು ಎಲ್ಲವೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ 24ರ ಆಸುಪಾಸು ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ 18ರ ಸುಮಾರಿಗೆ ಮರಳಿ ನೆತ್ತಿಗೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಪತ್ರಿಕೆಯಲ್ಲಿ ಹಾಕುತ್ತಾರಲ್ಲ, ಅವೇ ಆ ಎರಡು ದಿನಗಳು. ನಡುವಿನ ನಾಲ್ಕು ತಿಂಗಳು ಉತ್ತರದ ಕಿಟಕಿಗೆ ಬೆಳಿಗ್ಗೆ ಸಂಜೆ ಓರೆ ಬಿಸಿಲು ಬಂದೇ ಬರುತ್ತದೆ. ಹೊಸದಾಗಿ ಮೇಜು ಹಾಕಿಕೊಂಡವರು ಮೇ ತಿಂಗಳಲ್ಲಿ 'ಇದೇನು, ಹಾಳೆಯ ಮೇಲೆ ಬಿಸಿಲು' ಎಂದು ತಬ್ಬಿಬ್ಬಾಗುತ್ತಾರೆ. ಹಳೆಯ ಬಿಳಿ ಪಂಚೆ ಒಂದನ್ನು ಕಿಟಕಿಗೆ ಅಡ್ಡ ಕಟ್ಟಿ. ಬಿಸಿಲು ಹಾಲಿನಂತೆ ಹರಡುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಲಿ, ಇಲ್ಲದಿದ್ದರೆ ನಿಮ್ಮ ಕೈಯ ನೆರಳೇ ಗೆರೆಯ ಮೇಲೆ ಬೀಳುತ್ತದೆ.

ರಾತ್ರಿ ಮಾತ್ರ ಹೊತ್ತು ಸಿಗುವವರು ಹಳದಿ ಬಲ್ಬಿನಲ್ಲಿ ಬಣ್ಣ ಹಾಕಬೇಡಿ. ತೆಳು ಹಳದಿ ಯಾವುದು, ಬಿಳಿ ಯಾವುದು ಎಂದು ಅದರಲ್ಲಿ ತಿಳಿಯುವುದಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ಗಾಬರಿ. ಎಲ್‌ಇಡಿ ಡಬ್ಬಿಯ ಮೇಲೆ ಸಿಆರ್‌ಐ ಎಂದು ಒಂದು ಅಂಕಿ (ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) ಇರುತ್ತದೆ, 90ಕ್ಕಿಂತ ಮೇಲಿರುವುದನ್ನು ಕೇಳಿ ತನ್ನಿ.

ತೈಲವರ್ಣ ಮಾಡುವವರಿಗೆ ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗುತ್ತದೆ, ರಾಶಿಯಾಗಿದ್ದರೆ ಯಾರೂ ಕಡ್ಡಿ ಗೀರದೆ ಹೊತ್ತಿಕೊಳ್ಳಬಲ್ಲದು. ಹೊರಗೆ ತಂತಿಯ ಮೇಲೆ ಬಿಡಿಬಿಡಿಯಾಗಿ ಹರವಿ, ಒಣಗಿದ ಮೇಲೆ ಬಿಸಾಡಿ.

---

ಕುರುವಿಂದ (ಮೈಸೂರು) · ಮಂಗಳವಾರ, ಮಧ್ಯಾಹ್ನ 12:20

ಗಜಲಕ್ಷ್ಮಿ ಮೇಡಂ, ಒಂದು ಪ್ರಶ್ನೆ, ಸ್ವಲ್ಪ ಗಂಭೀರ. ಗೆಸ್ಸೋಗೆ ಸಫೇದ, ಅಂದ್ರೆ ಬಿಳಿ ಪುಡಿ, ಯಾವುದು ಬಳಸ್ತಿದೀರಿ? ಹಳೇ ಪದ್ಧತಿಯ ಮಕ್ಕಿ ಸಫೇದದಲ್ಲಿರೋದು ಸೀಸದ ಬಿಳಿ, ವಿಷ. ಹದಿಮೂರು ವರ್ಷದ ಹಿಂದೆ ಕಟ್ಟಿಕೊಟ್ಟ ಪೊಟ್ಟಣ ಇನ್ನೂ ಇದ್ರೆ ದಯವಿಟ್ಟು ಊಟದ ಮೇಜಿನ ಹತ್ರಕ್ಕೂ ತರಬೇಡಿ. ಪುಡಿ ಅರೆಯೋವಾಗ ಏಳೋ ಧೂಳು ಇನ್ನೂ ಅಪಾಯ. ನಾನು ಜಿಂಕ್ ವೈಟ್ ಪುಡಿಗೆ ಬದಲಾಗಿ ಎಷ್ಟೋ ವರ್ಷ ಆಯ್ತು. ಉಬ್ಬು ಸ್ವಲ್ಪ ಬೇರೆ ಥರ ಬರುತ್ತೆ, ಕೈಗೆ ಹೊಂದಿಕೊಳ್ಳುತ್ತೆ.

ಜಾಗದ ಬಗ್ಗೆ ಹೇಳೋದಾದ್ರೆ, ನಿಮ್ಮ 25+35+20 ಲೆಕ್ಕದಲ್ಲೇ ಉತ್ತರ ಇದೆ ಅನ್ಸುತ್ತೆ. ನಿಮಗೆ ಬೇಕಾಗಿರೋದು ದೊಡ್ಡ ಮೇಜಲ್ಲ, ಎತ್ತಿಡಬೇಕಾಗಿಲ್ಲದ ಸಣ್ಣ ಮೇಜು. ಎರಡಡಿ ಸಾಕು, ಆದ್ರೆ ಅಲ್ಲಿಂದ ಯಾವತ್ತೂ ಎತ್ತಬಾರದು. ಗೆಸ್ಸೋ ಒಂದೇ ಏಟಿಗೆ ಆಗೋ ಕೆಲಸ ಅಲ್ವಲ್ಲ, ಒಂದು ಪದರ ಎಳೆದು ಒಣಗೋಕೆ ಬಿಡಬೇಕು, ಮತ್ತೆ ಬಂದು ಇನ್ನೊಂದು ಪದರ. ಹಲಗೆ ಕಣ್ಣೆದುರೇ ಇದ್ರೆ ಹಾಲು ಉಕ್ಕೋದರೊಳಗೆ ಎರಡು ಮುತ್ತು (ಗೆಸ್ಸೋ ಚುಕ್ಕೆ) ಇಟ್ಟು ಬರಬಹುದು. ರಾಗಿ ರೊಟ್ಟಿಯವರ ಚಿಲ್ಲರೆ ಆಗ ನಡೆಯುತ್ತೆ. ಬೀರುವಿನ ಮೇಲಿಂದ ಇಳಿಸಿ ಎರಡು ಮುತ್ತು ಇಡೋಕಾಗಲ್ಲ.

ಚಿನ್ನ ಹಚ್ಚೋದನ್ನ, ತೆಳು ಕಾಗದ ಮುಚ್ಚಿ ಕುರುವಿಂದ ಕಲ್ಲಲ್ಲಿ ಉಜ್ಜೋದನ್ನ ಮಾತ್ರ ಮನೇಲಿ ಯಾರೂ ಇಲ್ಲದ ದಿನಕ್ಕೆ ಇಟ್ಕೊಳ್ಳಿ. ಅದಕ್ಕೆ ಚಿಲ್ಲರೆ ನಡೆಯಲ್ಲ.

---

ಅಟ್ಟದ ಮೇಲೆ (ಪುತ್ತೂರು) · ಮಂಗಳವಾರ, ರಾತ್ರಿ 8:45

ನೀವೆಲ್ಲ ಜಾಗ, ಹೊತ್ತು ಅಂತ ಮಾತಾಡ್ತಾ ಇದ್ದೀರಿ ಮಾರಾಯ್ರೆ, ನಮ್ಮಲ್ಲಿ ಮಳೆಗಾಲ ಅಂತ ಮೂರನೆಯದೊಂದು ಉಂಟು. ಜೂನ್‌ನಲ್ಲಿ ಕಾಗದ ಹೊರಗೆ ಇಟ್ಟರೆ ಜುಲೈಯಲ್ಲಿ ಅದರ ಮೇಲೆ ಬೂಷ್ಟೇ ಚಿತ್ರ ಬರೆದಿರ್ತದೆ, ನಮ್ಮದಕ್ಕಿಂತ ಚಂದ! 300 ಜಿಎಸ್‌ಎಂನ ದಪ್ಪನೆ ಒಳ್ಳೆ ಕಾಗದ, ಹತ್ತು ಹಾಳೆ, ಹೋಯಿತು ನನ್ನದು. ಕಂದು ಚುಕ್ಕೆ ಬಿದ್ದ ಕಡೆ ನೀರು ಬಣ್ಣ ಒರೆಸುವ ಕಾಗದದ ಹಾಗೆ ಹೀರಿಕೊಳ್ತದೆ, ಎಂತ ಮಾಡಲಿಕ್ಕೂ ಆಗುವುದಿಲ್ಲ.

ಅಜ್ಜನ ಕಾಲದಲ್ಲಿ ಓಲೆ, ಪುಸ್ತಕ ಎಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಇರ್ತಿತ್ತು, ಹೊಗೆಗೆ ಬೆಚ್ಚಗೆ. ಈಗ ಒಲೆಯೂ ಇಲ್ಲ, ಅಟ್ಟವೂ ಇಲ್ಲ, ನನ್ನ ಹೆಸರಲ್ಲಿ ಮಾತ್ರ ಉಂಟು. ನಾನು ಮಾಡುವುದು ಇಷ್ಟೆ: ಗಾಳಿ ಹೋಗದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಕಾಗದ ಅದರಲ್ಲಿ. ಬರೆದು ಮುಗಿದದ್ದನ್ನು ಗೋಡೆಗೆ ಒತ್ತಿ ತೂಗು ಹಾಕಬೇಡಿ, ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿ, ಹಿಂದೆ ಗಾಳಿ ಆಡಬೇಕು.

---

ಹಿಮದೂರು (ಮಿನೆಸೋಟ) · ಬುಧವಾರ, ಬೆಳಿಗ್ಗೆ 9:30 (ನಮಗಿನ್ನೂ ಮಂಗಳವಾರ ರಾತ್ರಿ)

ಜಾಗ ಇದ್ರೆ ಸಾಕು ಅಂದ್ಕೊಂಡವರಿಗೆ ನನ್ನ ಕತೆ. ಇಲ್ಲಿ ಮನೆ ಕೊಂಡಾಗ ಬೇಸ್‌ಮೆಂಟಲ್ಲಿ ಅರ್ಧ ಭಾಗ ನನ್ನ ಚಿತ್ರಕ್ಕೆ ಅಂತ ಪಟ್ಟು ಹಿಡಿದೆ. ಈಸೆಲ್, ದೀಪ, ಡ್ರಾಯರ್ ಇರೋ ಮೇಜು, ಸಿಂಕ್ ಕೂಡ ಹಾಕಿಸ್ದೆ. ನಾಲ್ಕು ವರ್ಷದಲ್ಲಿ ಅಲ್ಲಿ ಮುಗಿಸಿದ ಚಿತ್ರ ಎರಡು. ಈಸೆಲ್ ಮೇಲೆ ಈಗ ಒಗೆದ ಸ್ವೆಟರ್ ಒಣಗ್ತಿದೆ.

ಮೆಟ್ಟಿಲು ಇಳಿಯೋದು ಹದಿಮೂರೇ, ಆದ್ರೆ ಇಳಿದ್ರೆ 'ಹೋದೆ' ಅಂತ ಲೆಕ್ಕ. ಹೆಂಡತಿ ಮಕ್ಕಳನ್ನ ಮೇಲೆ ಬಿಟ್ಟು ಬಂದ ಹಾಗೆ. ಏನಾದ್ರೂ ದೊಡ್ಡದು ಮಾಡಿಯೇ ಮೇಲೆ ಹತ್ತಬೇಕು ಅನ್ನೋ ಒತ್ತಡ ಬೇರೆ. ಅಕ್ರಿಲಿಕ್ ಬಣ್ಣ ಒಂದು ಡಬ್ಬ ಗ್ಯಾರೇಜಿನಲ್ಲಿ ಉಳಿದಿತ್ತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕರಗಿದ ಮೇಲೆ ನೋಡಿದ್ರೆ ಒಡೆದ ಹಾಲು. ಅವತ್ತು ಬೇಜಾರೂ ಆಗಲಿಲ್ಲ, ಅದೇ ಬೇಜಾರಿನ ವಿಷಯ.

ಈಗ ಅಡುಗೆಮನೆ ಕಟ್ಟೆ ಮೇಲೆ, ರೈಸ್ ಕುಕ್ಕರ್ ಪಕ್ಕ, ಒಂದು ಸ್ಕೆಚ್ ಪುಸ್ತಕ, ಒಂದು ಪೆನ್ನು. ಅನ್ನ ಆಗೋ ತನಕ ಅವತ್ತಿನ ತರಕಾರಿ ಬರೀತೀನಿ. ಬದನೆಕಾಯಿ ತೊಟ್ಟು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ, ಆ ಮುಳ್ಳಿನ ಟೋಪಿ ಪ್ರತಿ ಕಾಯಿಗೂ ಬೇರೆ. ಮೂರು ಪುಸ್ತಕ ತುಂಬಿದೆ. ಎರಡಕ್ಕೆ ಸಾರಿನ ಕಲೆ ಇದೆ.

---

ಮೂರನೇ ಮಹಡಿ (ಬೆಂಗಳೂರು) · ಬುಧವಾರ, ಸಂಜೆ 6:00

ಚಿತ್ರ ಅಲ್ಲ, ವೀಣೆ. ನುಡಿಸೋದು ನಾನಲ್ಲ, ನನ್ನ ಹೆಂಡತಿ. ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟಿದ್ವಿ, ವರ್ಷಕ್ಕೊಂದು ಸಲ ಆಯುಧಪೂಜೆಗೆ ಹೊರಗೆ ಬರ್ತಿತ್ತು. ಕಳೆದ ವರ್ಷ ಪೂಜೆ ಆದ ಮೇಲೆ ನಾನೇ ಸೋಮಾರಿತನಕ್ಕೆ ಒಳಗಿಡಲಿಲ್ಲ, ಚಾಪೆ ಮೇಲೇ ಬಿಟ್ಟೆ. ಮರುದಿನ ಓಡಾಡ್ತಾ ಒಂದು ತಂತಿ ಮೀಟಿದ್ಲು. ಶ್ರುತಿ ಇಳಿದಿತ್ತು, ಸರಿ ಮಾಡಿದ್ಲು. ಅಷ್ಟೇ, ಇವತ್ತಿನ ತನಕ ಒಳಗೆ ಹೋಗಿಲ್ಲ. ಹಾಲ್‌ನಲ್ಲಿ ಓಡಾಡೋ ಜಾಗ ಕಮ್ಮಿ ಆಗಿದೆ, ಬಂದವರು ಎಡವೋ ಹಾಗಿರುತ್ತೆ, ಸೋಫಾ ಒಂದು ಮಾರಿದ್ವಿ. ನನ್ನ ಸೋಮಾರಿತನಕ್ಕೆ ಇಷ್ಟು ಪುಣ್ಯ ಯಾವತ್ತೂ ಬಂದಿರಲಿಲ್ಲ.

ಫ್ಯಾನ್ ಹಾಕಿದ ಯಜಮಾನರ ಪರವಾಗಿ ಒಂದು ಮಾತು: ನಮಗೆ ನಿಜವಾಗಿ ಗೊತ್ತಾಗಲ್ಲ. ಬೋರ್ಡ್ ಬರೆದು ಹಾಕಿ.

---

ಖಡಕ್ ಮಾತು · ಬುಧವಾರ, ರಾತ್ರಿ 10:20

ಇಲ್ಲಿ ಇಷ್ಟುದ್ದ ಬರೆಯೋಕೆ ಎಲ್ರಿಗೂ ಟೈಮ್ ಸಿಕ್ಕಿದೆ ನೋಡಿ. ನನ್ನ ಮಾತು ನಾನು ವಾಪಸ್ ತಗೊಳ್ಳಲ್ಲ. ಆದ್ರೆ ಎತ್ತಿಡೋ ಲೆಕ್ಕ ಒಪ್ಕೋತೀನಿ. ನಾನು ಮರದ ಕೆತ್ತನೆ ಮಾಡ್ತಿದ್ದೆ. ಉಳಿಗಳು ಸ್ಕೂಟರ್ ಡಿಕ್ಕಿಯಲ್ಲಿವೆ.

---

ರಾಗಿ ರೊಟ್ಟಿ · ಬುಧವಾರ, ರಾತ್ರಿ 10:26

ಡಿಕ್ಕಿಯಲ್ಲಾ?! ಎಷ್ಟು ವರ್ಷದಿಂದ?

---

ಖಡಕ್ ಮಾತು · ಬುಧವಾರ, ರಾತ್ರಿ 10:41

ಸ್ಕೂಟರ್ ಮಾರಿ ಹೊಸದು ತಗೊಂಡಾಗ್ಲೂ ಡಿಕ್ಕಿಯಿಂದ ಡಿಕ್ಕಿಗೆ ಬಂದ್ವು.

---

ಅರ್ಧ ಗಜಲಕ್ಷ್ಮಿ · ಮೂರು ವಾರದ ನಂತರ, ಶನಿವಾರ, ಮಧ್ಯಾಹ್ನ 2:15

ಉತ್ತರ ಕೊಡೋಕೆ ತಡ ಆಯ್ತು, ಕ್ಷಮಿಸಿ. ಎಲ್ಲವನ್ನೂ ಎರಡೆರಡು ಸಲ ಓದಿದೀನಿ.

ಮೊದಲು ಕುರುವಿಂದ ಅವರಿಗೆ: ಪೊಟ್ಟಣ ಇತ್ತು. ಅದೇ ಹಳೇ ಸಫೇದ. ನಿಮ್ಮ ಸಂದೇಶ ಓದಿದ ರಾತ್ರಿನೇ ಎರಡು ಕವರ್ ಕಟ್ಟಿ ಮೇಲೆ 'ವಿಷ' ಅಂತ ಬರೆದು ಮಗನ ಕೈಗೆ ಸಿಗದ ಕಡೆ ಇಟ್ಟಿದೀನಿ. ಎಲ್ಲಿ ಕೊಟ್ಟು ವಿಲೇವಾರಿ ಮಾಡಬೇಕು ಅಂತ ವಿಚಾರಿಸ್ತಿದೀನಿ. ಜಿಂಕ್ ವೈಟ್ ತಂದೆ. ಮೊದಲ ಎರಡು ದಿನ ಗೆರೆ ಹರಿದುಹೋಗ್ತಿತ್ತು, ಅಂಟು ಕಮ್ಮಿ ಮಾಡಿದ್ಮೇಲೆ ನಿಲ್ತು.

ಇನ್ನು ಜಾಗ. ಬಾಲ್ಕನಿ ಬಾಗಿಲ ಪಕ್ಕ ಅತ್ತೆಯವರ ಹೊಲಿಗೆ ಮಷಿನ್ ಇದೆ. ಕಾಲಲ್ಲಿ ತುಳಿಯೋ ಹಳೇದು, ಮಷಿನ್ನನ್ನ ಒಳಗೆ ಮಡಚಿದ್ರೆ ಮೇಲೆ ಚಪ್ಪಟೆ ಹಲಗೆ. ಅವರು ಅದನ್ನ ತುಳಿದಿದ್ದು ನಾನು ನೋಡೇ ಇಲ್ಲ. ಇಸ್ತ್ರಿಗೆ ಕೊಡೋ ಬಟ್ಟೆ ರಾಶಿ ಅದರ ಮೇಲಿರುತ್ತೆ. ಎಷ್ಟೋ ಸಲ ಕೇಳಬೇಕು ಅಂದ್ಕೊಂಡು ಸುಮ್ಮನಾಗಿದ್ದೆ.

ಕೆಮ್ಮಣ್ಣು ಅವರು ಗೃಹಪ್ರವೇಶ ಅಂದ್ರಲ್ಲ. ನನ್ನ ನಾದಿನಿ ಹೊಸ ಮನೆ ಕಟ್ಟಿಸ್ತಿದಾಳೆ, ಬರೋ ಮಾಘದಲ್ಲಿ ಗೃಹಪ್ರವೇಶ. ಒಂದು ದಿನ ಊಟಕ್ಕೆ ಬಂದಿದ್ಲು. ಎಲ್ಲರ ಎದುರಿಗೆ 'ನಿಮ್ಮ ದೇವರಮನೆಗೆ ಗಜಲಕ್ಷ್ಮಿ ನಾನು ಕೊಡ್ತೀನಿ' ಅಂದೆ. ಮರುದಿನ ಆಫೀಸಿಂದ ಬಂದು ನೋಡಿದ್ರೆ ಬಟ್ಟೆ ರಾಶಿ ಇಲ್ಲ. ಮಷಿನ್ ಒರೆಸಿ ಸ್ವಚ್ಛ ಆಗಿದೆ. ಮೇಲೆ ಅತ್ತೆಯವರ ಹಳೇ ಕಾಟನ್ ಸೀರೆ ನಾಲ್ಕು ಮಡಿಕೆ ಮಾಡಿ ಹಾಸಿದೆ. 'ಹಲಗೆ ಇಲ್ಲೇ ಇರಲಿ. ಶುಕ್ರವಾರ ಮಾತ್ರ ಮಷಿನ್ ನನಗೆ ಬೇಕು, ಮಗಳ ಮನೆ ಕಿಟಕಿಗೆ ಪರದೆ ಹೊಲೀಬೇಕು' ಅಂದ್ರು. ಅಂದ ಹಾಗೇ ಶುಕ್ರವಾರ ಕೂತು ತುಳಿದ್ರು ಕೂಡ. ಚಕ್ರ ಬಿಗಿಯಾಗಿತ್ತು, ಮಗನ ಹತ್ರ ಎಣ್ಣೆ ತರಿಸಿ ಹಾಕಿದ್ರು, ಮೂರು ಪರದೆ ಆಯ್ತು.

ಮೇಷ್ಟ್ರೇ, ಬಾಗಿಲು ಪಶ್ಚಿಮಕ್ಕಿದೆ. ನಾಲ್ಕು ಗಂಟೆ ಮೇಲೆ ಬಿಸಿಲು ಮುಖಕ್ಕೇ ಹೊಡೆಯುತ್ತೆ. ಮಾವನವರ ಪಂಚೆ ಒಂದು ಟ್ರಂಕಿನಲ್ಲಿತ್ತು, ಅತ್ತೆಯವರೇ ತೆಗೆದುಕೊಟ್ರು, ಕಟ್ಟಿದೀನಿ. ನೀವು ಹೇಳಿದ ಹಾಗೇ, ಹಾಲಿನ ಥರ.

ಬಲಗಡೆ ಆನೆಗೆ ಸೊಂಡಿಲ ತನಕ ಗೆಸ್ಸೋ ಬಂದಿದೆ. ದಿನಾ ಕುಕ್ಕರ್ ಕೂಗೋದರೊಳಗೆ ಐದಾರು ಮುತ್ತು. ಹದಿಮೂರು ವರ್ಷದ ಹಿಂದಿನ ಕೈಗೂ ಈಗಿನ ಕೈಗೂ ವ್ಯತ್ಯಾಸ ಕಾಣುತ್ತೆ, ಎಡಗಡೆ ಆನೆ ಮುತ್ತು ಸಣ್ಣ, ಒಂದೇ ಸಮ. ಈಚೆ ಕಡೆ ಆನೆ ಸ್ವಲ್ಪ ಒರಟು. ಸರಿ ಮಾಡೋಕೆ ಹೋಗಿಲ್ಲ.

---

ರಾಗಿ ರೊಟ್ಟಿ · ಶನಿವಾರ, ಸಂಜೆ 4:50

ತುಂಬಾ ಖುಷಿ ಆಯ್ತು ಅಕ್ಕ. ಆದ್ರೆ ಒಂದು ಚುಚ್ತಿದೆ, ಹೇಳಿಬಿಡ್ತೀನಿ. ಚಿತ್ರ ನಿಮ್ಮದಾಗಿದ್ದಾಗ ಸಿಗದ ಜಾಗ, ಮಗಳ ಮನೆಗೆ ಅಂದ ತಕ್ಷಣ ಸಿಕ್ತಲ್ಲ. ಮಾಘದಲ್ಲಿ ಗಜಲಕ್ಷ್ಮಿ ಆ ಮನೆಗೆ ಹೋದ್ಮೇಲೆ ಮಷಿನ್ ಮೇಲೆ ಮತ್ತೆ ಬಟ್ಟೆ ರಾಶಿ ಬಂದ್ರೆ?

---

ಅರ್ಧ ಗಜಲಕ್ಷ್ಮಿ · ಶನಿವಾರ, ರಾತ್ರಿ 11:05

ನನಗೂ ಅದು ಹೊಳೆದಿದೆ. ಒಂದು ರಾತ್ರಿ ನಿದ್ದೆನೂ ಬರಲಿಲ್ಲ. ಅದಕ್ಕೇ ಇವತ್ತು ಇನ್ನೊಂದು ಹಲಗೆಗೆ ಬಟ್ಟೆ, ಕಾಗದ ಅಂಟಿಸಿ ಗೋಡೆಗೆ ಒರಗಿಸಿ ಒಣಗೋಕೆ ಬಿಟ್ಟೆ. ಯಾರಿಗೆ ಅಂತ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ನಾಳೆ ಎಲ್ರೂ ನಾದಿನಿ ಮನೆ ಟೈಲ್ಸ್ ನೋಡೋಕೆ ಹೋಗ್ತಿದಾರೆ. ನಾನು ಉಳ್ಕೋತೀನಿ, ಎಡಗಡೆ ಆನೆಗೆ ಚಿನ್ನ. ಫ್ಯಾನಿನ ಸ್ವಿಚ್ ಮೇಲೆ ಈಗಲೇ ಟೇಪ್ ಅಂಟಿಸಿದೀನಿ.

---

ಗವಂತಿ · ಭಾನುವಾರ, ಬೆಳಿಗ್ಗೆ 6:40

ಹುಳಿ ಪಾತ್ರಿ ಮುಚ್ಚಿ ಇಡ್ರಿ.